ಗುಳಿಗೆ ಬಿಟ್ಟ ತಿಂಗಳು

ದ್ರಾಕ್ಷಿ ಬೆಳೆಯುವವನ ತಲೆ ದ್ರಾಕ್ಷಿಯ ಕಡೆಗೇ ಓಡುತ್ತದೆ, ಏನು ಮಾಡಲಿಕ್ಕಾಗುತ್ತದೆ. ಅಥಣಿ ಕಡೆಯ ಸಿದ್ದಲಿಂಗ ಇಪ್ಪತ್ತು ವರ್ಷ ತೋಟ ಮಾಡಿದವನು. ಕೊಯ್ಲಿಗೆ ತಿಂಗಳು ಮುಂಚೆ ಔಷಧ ಹೊಡೆಯುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಅದರ ಅಂಶ ಹಣ್ಣಿನಲ್ಲಿ ಉಳಿದು ಪರೀಕ್ಷೆಯಲ್ಲಿ ಮಾಲು ಫೇಲಾಗುತ್ತದೆ ಎಂಬುದು ಅವನಿಗೆ ನಿದ್ದೆಯಲ್ಲೂ ಗೊತ್ತು.

ಅವನ ಲಿವರಿನಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ ಸಿಕ್ಕಿತ್ತು. ಅರ್ಧ ಲಿವರನ್ನೇ ಕೊಯ್ದು ತೆಗೆಯಬೇಕು, ಉಳಿದರ್ಧಕ್ಕೆ ತಡೆಯುವ ಶಕ್ತಿ ಇದೆಯೋ ಇಲ್ಲವೋ ರಕ್ತ ನೋಡಿ ಹೇಳುತ್ತೇನೆ ಎಂದಿದ್ದರು ಬೆಳಗಾವಿಯ ಡಾಕ್ಟರು. ಹಿಂದೆಂದೋ ಬಂದ ಕಾಮಾಲೆಯ ವೈರಸ್ಸು ಇನ್ನೂ ಒಳಗೇ ಇತ್ತು. ಅದನ್ನು ಅಡಗಿಸಲು ದಿನಕ್ಕೊಂದು ಗುಳಿಗೆ ಬರೆದುಕೊಟ್ಟು, ಆರು ವಾರ ಬಿಟ್ಟು ರಕ್ತ ಪರೀಕ್ಷೆಗೆ ಬಾ ಎಂದಿದ್ದರು. ಎರಡು ವಾರ ನಿಷ್ಠೆಯಿಂದ ನುಂಗಿದ ಪುಣ್ಯಾತ್ಮ, ಪರೀಕ್ಷೆಗೆ ತಿಂಗಳು ಉಳಿದಾಗ ಗುಳಿಗೆ ನಿಲ್ಲಿಸಿಬಿಟ್ಟ. ರಕ್ತ ಸ್ವಚ್ಛವಾಗಿ ಬರಲಿ ಅಂತ.

ಬೇಡವೋ ಮಾರಾಯಾ ಎನ್ನಲು ಮನೆಯಲ್ಲಿ ಯಾರಿದ್ದರು? ಅವ್ವ ತೀರಿಕೊಂಡು ನಾಲ್ಕು ವರ್ಷ. ಕನ್ಯೆ ನೋಡಲು ಹೋದಲ್ಲೆಲ್ಲ ‘ಹುಡುಗ ಛಲೋ ಅದಾನ, ಆದ್ರ ನೌಕರಿ ಇಲ್ಲ’ ಎಂದು ಚಹಾ ಕುಡಿಸಿ ಕಳಿಸಿದ್ದರು. ನಲವತ್ತು ದಾಟಿದ ಮೇಲೆ ನೋಡುವುದನ್ನೇ ಬಿಟ್ಟ. ಗಡ್ಡೆಯ ಸುದ್ದಿ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆರು ವಾರ ತುಂಬಿದ ದಿನ ಡಾಕ್ಟರು ರಕ್ತದ ರಿಪೋರ್ಟು ಎರಡೆರಡು ಸಲ ತಿರುವಿದರು.

“ಇದೇನ್ರಿ ಇದು, ವೈರಸ್ಸು ಮೊದಲಿಗಿಂತ ನಾಕು ಪಟ್ಟು ಏರೈತಿ. ಗುಳಿಗಿ ತಗೊಂಡಿರಿಲ್ಲೋ?”

“ಟೆಸ್ಟಿಗೆ ತಿಂಗಳ ಮೊದಲ ಬಿಟ್ಟೇನ್ರಿ ಸಾಹೇಬ್ರ. ರಕ್ತದಾಗ ಔಷಧ ಉಳೀಬಾರದಂತ.”

ಬೈಯುತ್ತಾರೆಂದು ತಲೆ ತಗ್ಗಿಸಿದ. ಅವರು ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

“ಈಗ ಕೊಯ್ದ್ರ ಉಳಿದ ಲಿವರ್ ತಡಿಯೂದಿಲ್ರಿ. ಇವತ್ತಿನಿಂದ ಮತ್ತ ಗುಳಿಗಿ ಚಾಲೂ ಮಾಡ್ರಿ. ಆರು ವಾರಕ್ಕ ಇನ್ನೊಮ್ಮೆ ರಕ್ತ ನೋಡೋಣು. ಅಷ್ಟರಾಗ ಗಡ್ಡಿ ಬೆಳೀಲಿಲ್ಲಂದ್ರ ಆಪರೇಷನ್.”

ಬೆಳೆದರೆ ಏನು ಎಂದು ಕೇಳುವ ಧೈರ್ಯ ಸಿದ್ದಲಿಂಗನಿಗೆ ಬರಲಿಲ್ಲ. ತನ್ನ ಕೈಯಾರೆ ತಾನೇ ಮಾಡಿಕೊಂಡದ್ದು ಎಂದು ತನ್ನನ್ನೇ ಬೈದುಕೊಳ್ಳುತ್ತ ಹೊರಬಂದ.

ಹೊರಗಿನ ಟೇಬಲ್ಲಿನ ಹಿಂದೆ ಕೂತಿದ್ದ ನರ್ಸ್ ಶೈಲಾ ಅವನ ನಂಬರು ಬರೆದುಕೊಂಡಳು.

“ದಿನಾ ಮುಂಜಾನೆ ಏಳಕ್ಕ ಫೋನ್ ಮಾಡ್ತೀನ್ರಿ. ನಾ ಕೇಳೂದ್ರಾಗ ಗುಳಿಗಿ ನುಂಗಿರಬೇಕು, ನೋಡ್ರಿ ಮತ್ತ.”

ದಿನಾ! ಗೊಬ್ಬರದ ಅಂಗಡಿಯವರು, ದ್ರಾಕ್ಷಿ ದಲಾಲರು ಬಿಟ್ಟರೆ ಅವನಿಗೆ ಫೋನ್ ಮಾಡುವವರೇ ಇರಲಿಲ್ಲ. ಅಷ್ಟು ಸಂಕಟದಲ್ಲೂ ಅವನಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

“ಆಪರೇಷನ್ ಆದಮ್ಯಾಲೂ ಮಾಡ್ತೀರೇನ್ರಿ?”

ಶೈಲಾ ಮುಂದಿನ ಪೇಷಂಟಿನ ಕಾಗದ ತೆಗೆಯುತ್ತಿದ್ದಳು. “ಆಮ್ಯಾಲೆ ಯಾಕ್ರಿ? ಮನೀ ಮಂದಿ ಇರ್ತಾರಲ್ಲ, ಅವರ ನೋಡ್ಕೊಂತಾರ.”

“ಹೌದ್ರಿ, ಅವ್ರ ಇರ್ತಾರ್ರಿ” ಎಂದ ಸಿದ್ದಲಿಂಗ.