ಕೆನ್ನೆಗಿಳಿದ ಕೆಂಪು ಬೆಳಕು

ಕಂಪ್ಲಿಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಂಗಸರಿಗೆ ಕೈತುಂಬ ಕೆಸರು. ಬೆಳಿಗ್ಗೆ ದವಡೆಗೆ ತಂಬಾಕು ಒತ್ತರಿಸಿದರೆ ಬುತ್ತಿ ಬಿಚ್ಚುವವರೆಗೂ ಅದು ಅಲ್ಲೇ. ಹಾಗೆ ಬಗ್ಗಿ ಬಗ್ಗಿ ನಾಟಿ ಹಚ್ಚಿಯೇ ಮುದುಕಿಯಾದ ತಾಯಕ್ಕನ ಎಡಗೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿತ್ತು. ಚೂರು ತೆಗೆದು ಪರೀಕ್ಷಿಸಿದಾಗ, ಇನ್ನೂ ಕ್ಯಾನ್ಸರ್ ಆಗಿಲ್ಲ, ಬಿಟ್ಟರೆ ಆದೀತು ಎಂದು ತಿಳಿಯಿತು. ಕೊಯ್ದು ತೆಗೆಯಬೇಕು, ಆಮೇಲೆ ಬಾಯಿ ಪೂರ್ತಿ ತೆರೆಯದೆಯೂ ಹೋದೀತು ಎಂದರು ಒಬ್ಬ ಡಾಕ್ಟರು. ಅಂದೇ ಅವಳು ತಂಬಾಕು ಬಿಟ್ಟಳು. ನಿದ್ದೆ ಅವಳನ್ನು ಬಿಟ್ಟಿತು.

ಹೊಸಪೇಟೆಯ ಡಾಕ್ಟರ್ ರಮಾ ಮಾತ್ರ, "ಕೊಯ್ಯೋಕಿಂತ ಮೊದ್ಲು ಬೆಳಕು ಬಿಟ್ಟು ನೋಡೋಣ್ರಿ" ಎಂದರು. ಔಷಧಿ ಹಚ್ಚಿ ಲೇಸರ್ ಬಿಟ್ಟರೆ ಕೆಟ್ಟ ಪದರವಷ್ಟೇ ಸಾಯುತ್ತದಂತೆ.

"ಎಂಥಾ ಬೆಳಕ್ರಿ ಮೇಡಂ?" ಜೊತೆಗೆ ಬಂದಿದ್ದ ನಾದಿನಿ ಜಂಬಮ್ಮ ಕೇಳಿದಳು.

"ಹಸಿರು ಐತಿ, ಕೆಂಪು ಐತಿ. ಹಸಿರು ಮ್ಯಾಲ ಮ್ಯಾಲ ನಿಲ್ತೈತಿ, ಕೆಂಪು ಒಳಗ ಇಳೀತೈತಿ." ರಮಾ ತಾಯಕ್ಕನ ಬೆರಳಿಗೆ ಟಾರ್ಚ್ ಒತ್ತಿ ಹಿಡಿದರು. ಬಿಳಿ ಬೆಳಕು ಬೆರಳು ದಾಟುವಷ್ಟರಲ್ಲಿ ಕೆಂಪಾಗಿತ್ತು. "ನೋಡ್ರಿ ಅಮ್ಮಾ, ದಾಟಿ ಬಂದಿದ್ದು ಕೆಂಪು ಒಂದೇ. ನಿಮ್ಮ ಮಚ್ಚಿ ದಪ್ಪ ಐತಿ, ಹಸಿರು ಸಾಲೂದಿಲ್ಲ. ಕೆಂಪು ಹಾಕ್ತೀನಿ. ಉರೀತೈತಿ ಮತ್ತ."

"ಉರೀಲಿ ಬಿಡವ್ವ."

ರಮಾರ ಚಿಂತೆ ಬೇರೆಯಿತ್ತು. ಔಷಧಿ ಒಂದು ತಾಸಿಗೂ ಹೆಚ್ಚು ಕೆನ್ನೆಯ ಸಂದಿಯಲ್ಲಿ ಅಲುಗದೆ ಕೂರಬೇಕು. "ಭಾಳ ಮಂದಿ ನುಂಗಿಬಿಡ್ತಾರ, ಇಲ್ಲಾ ಉಗುಳ್ತಾರ. ಔಷಧಿ ಹಿಡೀಲಿಲ್ಲಂದ್ರ ಯಾವ ಬೆಳಕು ಬಿಟ್ರೂ ದಂಡ" ಎನ್ನುತ್ತಲೇ ಹಚ್ಚಿದರು.

ಜಂಬಮ್ಮ ಕಿಸಕ್ಕನೆ ನಕ್ಕಳು. "ನಮ್ಮತ್ತಿಗಿಗೆ ಅದನ್ನ ಹೇಳಿಕೊಡ್ಬೇಕೇನ್ರಿ? ದವಡ್ಯಾಗ ಇಟ್ಕೊಂಡು ಎಕರೆಗಟ್ಲೆ ನಾಟಿ ಹಚ್ಯಾಳ!"

ತಾಯಕ್ಕ ಕಣ್ಣಲ್ಲೇ ಗದರಿದಳು. ಬೇರೆ ದಾರಿಯಿರಲಿಲ್ಲ, ಬಾಯಲ್ಲಿ ಔಷಧಿ. ನಾಲಿಗೆಯನ್ನು ಬಲಕ್ಕೆ ಸರಿಸಿ, ಎಡಗೆನ್ನೆ ಬಿಗಿಹಿಡಿದು, ಜೊಲ್ಲನ್ನಷ್ಟೇ ತುಟಿಯ ಬಲತುದಿಯಿಂದ ಬಟ್ಟೆಗೆ ಇಳಿಸುತ್ತ ಕುಳಿತಳು. ರಮಾ ಬಂದು ನೋಡಿದಾಗ ಔಷಧಿ ಹಚ್ಚಿದಲ್ಲೇ ಇತ್ತು.

"ಇಷ್ಟು ಚೆಂದ ಯಾರೂ ಹಿಡ್ಕಂಡಿದ್ದಿಲ್ರಿ ಅಮ್ಮಾ!"

ಕೆಂಪು ಬೆಳಕು ಹಸಿಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯಿತು. ತಾಯಕ್ಕ ನಾದಿನಿಯ ಮುಂಗೈ ಹಿಡಿದಳು. ರಮಾ ನಡುನಡುವೆ ನಿಲ್ಲಿಸಿ, ತಣ್ಣೀರು ಮುಕ್ಕಳಿಸಲು ಕೊಟ್ಟು, ಬೆನ್ನು ಸವರಿದರು. ಹೆತ್ತ ಮಗಳೂ ಹೀಗೆ ಸವರಿರಲಿಲ್ಲ ಅನ್ನಿಸಿತು ಅವಳಿಗೆ.

ಹೀಗೇ ಕೆಲವು ಸಲ ಬಂದು ಹೋದಳು. ಕೊನೆಗೆ ಮತ್ತೆ ಚೂರು ತೆಗೆದು ಪರೀಕ್ಷೆಯಾಯಿತು. ರಮಾ ನಗುತ್ತ ಹೊರಬಂದರು. "ಮಚ್ಚಿ ಹೋಗೈತ್ರಿ. ಕೊಯ್ಯೋದು ಬ್ಯಾಡ. ಆಗಾಗ ಬಂದು ತೋರಿಸ್ರಿ, ಅಷ್ಟ."

ಕಾಲಿಗೆ ಬೀಳಹೋದ ತಾಯಕ್ಕನನ್ನು ಅವರು ಎತ್ತಿ ಹಿಡಿದರು.

"ನಿನಗ ಏನು ಕೊಡ್ಲೆವ್ವ ನಾನು?"

"ತಂಬಾಕು ಮುಟ್ಟಬ್ಯಾಡ್ರಿ. ಅದ ಸಾಕು."

ತಾಯಕ್ಕನಿಗೆ ಅದು ಸಾಲಲಿಲ್ಲ. ಮುಂದಿನ ವಾರ ಕಂಪ್ಲಿ ಬಸ್ಸಿನಿಂದ ತನ್ನ ನಾಟಿ ಗುಂಪನ್ನೇ ಇಳಿಸಿಕೊಂಡು ಬಂದು ರಮಾರ ಬಾಗಿಲಲ್ಲಿ ಸಾಲಾಗಿ ಕೂರಿಸಿದಳು.

"ಬಾಯಿ ತೆಗೀರೇ, ನಾಚಿಕಿ ಎಂಥಾದ್ದು? ನಮ್ಮವ್ವ ನೋಡ್ತಾಳ!"

ಜಂಬಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ನಗೋದು ಆಮ್ಯಾಲ, ಜಂಬೀ. ಮೊದ್ಲು ನೀ ತೆಗಿ."