ಟೈಮಿಂಗ್ ಗೇರಿನ ಆಟ

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರೇ ಹೋಗಿದೆ ಎಂದು ರವಿಶಂಕರ ಮೇಸ್ತ್ರಿ ಮೂರನೆಯ ಸಲ ತೀರ್ಪು ಕೊಟ್ಟಾಗ ಜಿನಶ್ರೀಗೆ ತಡೆದುಕೊಳ್ಳಲಾಗಲಿಲ್ಲ. ಐಟಿಐ ಮುಗಿಸಿ ಹೊಸನಗರದ ಆ ಗ್ಯಾರೇಜಿಗೆ ಸೇರಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳೂ ಪಂಚರ್ ಹಾಕಿದ್ದಳು, ಬ್ರೇಕ್ ಆಯಿಲ್ ತುಂಬಿದ್ದಳು. ಒಂದೇ ಒಂದು ಎಂಜಿನ್ ಬಿಚ್ಚಲು ಅವನು ಬಿಟ್ಟಿರಲಿಲ್ಲ.

"ಡಿಸ್ಟ್ರಿಬ್ಯೂಟರಲ್ಲಿ ಏನೂ ಇಲ್ಲ ರವಿಯಣ್ಣ. ಟೈಮಿಂಗ್ ಗೇರಲ್ಲಿ ಆಟ ಇದೆ," ಎಂದಳು.

ಕಾರು ಸಾಗರದ ಯಮುನಮ್ಮ ಟೀಚರದ್ದು, ವಯಸ್ಸಿನಲ್ಲಿ ಅವರಿಗಿಂತ ಹತ್ತು ವರ್ಷವಷ್ಟೇ ಚಿಕ್ಕದು. ತೀರ್ಥಹಳ್ಳಿಯ ತಂಗಿ ಮನೆಗೆ ಹೊರಟಾಗಲೆಲ್ಲ ಏರಿನಲ್ಲಿ ಕಾರ್ಬುರೇಟರ್ ಸೀನುತ್ತಿತ್ತು, ಹೊಸನಗರ ಮುಟ್ಟುವಷ್ಟರಲ್ಲಿ ಕಾರು ಸುಸ್ತಾಗುತ್ತಿತ್ತು. ಮೇಸ್ತ್ರಿ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜಿ ಕಿಡಿಯ ಟೈಮಿಂಗ್ ಕೂರಿಸುತ್ತಿದ್ದ. ವಾರ ಕಳೆದರೆ ಮತ್ತೆ ಅದೇ ಸೀನು.

"ಆಟ ಇದ್ರೆ ತೋರ್ಸು," ಎಂದ ಮೇಸ್ತ್ರಿ. "ತೋರ್ಸಿದ್ರೆ ಎಂಜಿನ್ ನೀನೇ ಬಿಚ್ಚು. ಇಲ್ದಿದ್ರೆ ಇನ್ನೊಂದು ವರ್ಷ ಎಂಜಿನ್ ಸುದ್ದಿ ಎತ್ಬೇಡ."

"ಎಂಜಿನ್ ತಣೀಲಿ. ಮೂರು ಗಂಟೆಗೆ ತೋರಿಸ್ತೀನಿ."

ಹೊರಗಿನ ಬೆಂಚಿನಲ್ಲಿ ಕೂತಿದ್ದ ಯಮುನಮ್ಮ ತಂಗಿಗೆ ಫೋನ್ ಮಾಡಿ ಹವ್ಯಕ ಮಾತಿನಲ್ಲಿ ಹೇಳಿದರು. "ಬಪ್ಪದು ತಡ ಆಗ್ತು. ಮೂರು ಗಂಟೆಗೆ ಇಲ್ಲೇ ಆಟ ಇದ್ದಡ."

ಮೇಸ್ತ್ರಿಗಳ ಬಾಯಲ್ಲಿ ಆಟ ಎಂದರೆ ಸವೆದ ಭಾಗದ ಸಡಿಲು. ಉಳಿದವರಿಗೆಲ್ಲ ಆಟ ಎಂದರೆ ಯಕ್ಷಗಾನ. ಪಕ್ಕದ ಹೋಟೆಲಿನ ಧರ್ಮಪ್ಪ ಟೀಚರ ಮಾತು ಕೇಳಿ ಬಸ್‌ಸ್ಟ್ಯಾಂಡಿಗೆ ಹೇಳಿದ, ಬಸ್‌ಸ್ಟ್ಯಾಂಡು ಊರಿಗೆ ಹೇಳಿತು.

ಮೂರು ಗಂಟೆಗೆ ಗ್ಯಾರೇಜಿನ ಮುಂದೆ ಮೂವತ್ತು ಜನ. ಇಬ್ಬರು ಚಾಪೆ ತಂದಿದ್ದರು.

"ಯಾವ ಮೇಳ?"

"ಚೆಂಡೆ ಎಲ್ಲಿ ಮಾರಾಯ?"

"ಆಟನೂ ಇಲ್ಲ, ಎಂತದೂ ಇಲ್ಲ, ಹೋಗ್ರಪ್ಪ," ಎಂದ ಮೇಸ್ತ್ರಿ.

"ಇದೆ," ಎಂದಳು ಜಿನಶ್ರೀ. ನಗು ಉಕ್ಕಿ ಕೈಯಲ್ಲಿನ ಸ್ಪ್ಯಾನರ್ ಕುಣಿಯುತ್ತಿತ್ತು. "ಕೂತ್ಕೊಳ್ಳಿ."

ಪ್ಲಗ್ ಕಳಚಿದಳು, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಳು, ವಾಲ್ವ್ ಕವರ್ ಎತ್ತಿಟ್ಟಳು. ಡಿಸ್ಟ್ರಿಬ್ಯೂಟರಿನ ಶಾಫ್ಟನ್ನು ಹಿಡಿದು ಬದಿಗೆ ಅಲ್ಲಾಡಿಸಿದಳು. ಅದು ಜಪ್ಪಯ್ಯ ಎನ್ನಲಿಲ್ಲ.

"ರವಿಯಣ್ಣ, ಪುಲ್ಲಿ ಮೇಲಿನ ಗುರುತು ನೀವೇ ಓದಿ. ಟೀಚರ್, ಡಿಸ್ಟ್ರಿಬ್ಯೂಟರೊಳಗಿನ ಈ ರೋಟರ್ ಕದಲಿದ ತಕ್ಷಣ ಹೇಳಿ. ಧರ್ಮಪ್ಪಣ್ಣ, ನಿಮ್ಗೆ ವಾಲ್ವ್ ಒತ್ತೋ ಈ ರಾಕರ್."

ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಮುಂದಕ್ಕೆ ತಿರುಗಿಸಿ ಗುರುತಿಗೆ ತಂದು ನಿಲ್ಲಿಸಿ, ಮೆಲ್ಲಗೆ ಹಿಂದಕ್ಕೆ ಎಳೆಯತೊಡಗಿದಳು.

"ಐದು ಡಿಗ್ರಿ," ಎಂದ ಮೇಸ್ತ್ರಿ.

"ಕದಲಲಿಲ್ಲ," ಎಂದರು ಯಮುನಮ್ಮ.

"ಹತ್ತು."

"ನಂದೂ ಮಲ್ಗೇ ಇದೆ," ಎಂದ ಧರ್ಮಪ್ಪ.

"ವೇಷ ಇನ್ನೂ ಚೌಕೀಲಿ ಬಣ್ಣ ಹಚ್ತಿದೆ," ಎಂದಿತು ಚಾಪೆಯ ಮೇಲಿನ ಒಂದು ದನಿ.

"ಹದಿನೈದು." ಮೇಸ್ತ್ರಿಯ ಸ್ವರ ಇಳಿದಿತ್ತು. "ಇದ್ರ ಮುಂದೆ ಗುರುತೇ ಇಲ್ಲ."

"ಹೊರಟ್ತು!" ಯಮುನಮ್ಮನೂ ಧರ್ಮಪ್ಪನೂ ಒಂದೇ ಉಸಿರಿಗೆ ಕೂಗಿದರು.

ಚಪ್ಪಾಳೆ ಬಿತ್ತು. ಯಾರೋ ಒನ್ಸ್ ಮೋರ್ ಎಂದರು. ಜಿನಶ್ರೀ ಇನ್ನೊಮ್ಮೆ ಎಳೆದಳು. ಮತ್ತೆ ಹದಿನೈದು ದಾಟಿದ ಮೇಲೆಯೇ ಎರಡೂ ಎದ್ದವು.

"ರಾಕರ್ ಮೊದ್ಲು ಎದ್ದು ರೋಟರ್ ಮಾತ್ರ ತಡ ಮಾಡಿದ್ರೆ ತಪ್ಪು ಡಿಸ್ಟ್ರಿಬ್ಯೂಟರ್ ಕಡೇದು," ಎಂದಳು. "ಇಲ್ಲಿ ಎರಡೂ ಒಟ್ಟಿಗೇ ತಡ. ಎರಡನ್ನೂ ತಿರುಗಿಸೋ ಗೇರಲ್ಲೇ ಹಲ್ಲು ಸವೆದಿದೆ."

ಮೇಸ್ತ್ರಿ ಸ್ಪ್ಯಾನರ್ ಕಸಿದುಕೊಂಡು ತಾನೇ ಎಳೆದು ನೋಡಿದ. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಕೊನೆಗೆ ಸ್ಪ್ಯಾನರನ್ನು ಅವಳ ಕೈಗೇ ಇಟ್ಟ.

"ಬಿಚ್ಚು."

ಅವಳು ಕಾರಿನಡಿ ನುಸುಳಿ ರೇಡಿಯೇಟರಿನ ನಲ್ಲಿ ತಿರುಗಿಸಿದಳು. ಕಂದು ನೀರು ಧಾರೆಯಾಗಿ ಇಳಿಯಿತು.

"ಬಕೆಟ್ ಹಿಡೀರಿ ರವಿಯಣ್ಣ," ಎಂದಳು ಒಳಗಿನಿಂದಲೇ.

ಮೇಸ್ತ್ರಿ ಮೂವತ್ತು ಜನರ ಮುಖ ನೋಡಿದ, ಪಂಚೆ ಎತ್ತಿ ಕಟ್ಟಿ, ಬಕೆಟ್ ಹುಡುಕಲು ಓಡಿದ.