ಬೀಗ ಹಾಕಿದ ಫೋನು

ಇಸ್ತ್ರಿಯವನ ಬಲಗೈಯ ಎರಡು ಬೆರಳುಗಳಿಗೆ ಸ್ಪರ್ಶವೇ ಸತ್ತುಹೋಗಿತ್ತು. ಸಮುದ್ರ ದಾಟಿ ಬಂದು ಹದಿನಾಲ್ಕು ತಿಂಗಳು. ಲಾಂಡ್ರಿಯಲ್ಲಿ ದಿನಕ್ಕೆ ಎಂಟುನೂರು ಬೆಡ್‌ಶೀಟು. ದೊಡ್ಡ ದೊಡ್ಡ ಹೋಟೆಲುಗಳ ಬೆಡ್‌ಶೀಟುಗಳು ಬಿಸಿ ರೋಲರಿನ ಬಾಯಿಂದ ಹಬೆಯಾಡುತ್ತಾ ಬರುವಾಗ ಮೂಲೆ ಹಿಡಿದು ಎಳೆಯಬೇಕು. ಕೈಗವಸು ಕೊಟ್ಟಿರಲಿಲ್ಲವೇ ಎಂದರೆ, ಕೊಟ್ಟಿದ್ದರು. ಹಾಕಿಕೊಂಡರೆ ಮೂಲೆ ಸಿಗುವುದಿಲ್ಲ. ಮೂಲೆ ತಪ್ಪಿದರೆ ಸುಕ್ಕು. ಸುಕ್ಕು ಬಿದ್ದರೆ ಸೂಪರ್‌ವೈಸರ್ ಬಾಯಿಗೆ ಬೀಳಬೇಕು. ಸುಟ್ಟರೆ ಸುಡಲಿ ಎಂದು ಎಲ್ಲರೂ ಬರಿಗೈಯಲ್ಲೇ ಎಳೆಯುತ್ತಿದ್ದರು.

ಬೆಳಗಿನ ಜಾವ ನಾಲ್ಕಕ್ಕೆ ಹಿಡಿದ ಕೆಲಸ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಮೂರಕ್ಕೆ ಎಲ್ಲರೂ ಕಂಪನಿ ವಸತಿಯ ಮೆಟ್ಟಿಲ ಮೇಲೆ. ರೂಮಿನೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನಾಲ್ಕು ಅಂತಸ್ತಿನ ಮೆಟ್ಟಿಲುಗಳಲ್ಲಿ ಮೆಟ್ಟಿಲಿಗೊಬ್ಬ, ಗೋಡೆ ಕಡೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಕೂತಿರುತ್ತಿದ್ದರು. ಅಲ್ಲಿ ಮೂರು ಗಂಟೆ ಎಂದರೆ ಊರಲ್ಲಿ ದೀಪ ಹಾಕುವ ಹೊತ್ತು, ಹೆಂಡತಿ ಮಕ್ಕಳು ಮನೆಯಲ್ಲಿರುವ ಹೊತ್ತು.

ಮಾತಾಡುವುದು ಕಾರ್ಡಿನಲ್ಲಿ. ನೇರವಾಗಿ ಫೋನ್ ಮಾಡಿದರೆ ಮೂರು ನಿಮಿಷಕ್ಕೆ ಒಂದು ದಿನದ ಕೂಲಿ ಕರಗುತ್ತಿತ್ತು. ಪೇಟೆಯಲ್ಲಿ ಅಗ್ಗದ ದಾರಿಗಳು ಹತ್ತಾರಿದ್ದವೋ ಏನೋ; ಪೇಟೆಗೆ ಕರೆದೊಯ್ಯುವ ಕಂಪನಿ ಬಸ್ಸು ತಿಂಗಳಿಗೊಮ್ಮೆ. ಹಾಗಾಗಿ ಸೂಪರ್‌ವೈಸರ್ ಮಾರುವ ಕಾರ್ಡೇ ಗತಿ. ನಾಣ್ಯದಿಂದ ಗೀಚಿದರೆ ಉದ್ದನೆಯ ನಂಬರು ಕಾಣುತ್ತದೆ. ಅದನ್ನು ಒತ್ತಿ, ಆಮೇಲೆ ಮನೆ ನಂಬರು ಒತ್ತಬೇಕು. ಸೂಪರ್‌ವೈಸರ್ ನಮ್ಮ ಭಾಷೆಯವನೇ. "ನಿಮಗೋಸ್ಕರ ತರಿಸಿದ್ದೀನ್ರೋ. ನಲವತ್ತು ನಿಮಿಷ ಮಾತಾಡಿ, ಹೊಟ್ಟೆ ತುಂಬಾ ಹೆಂಡ್ತೀರ ಹತ್ರ ಬೈಸ್ಕೊಳ್ಳಿ" ಎಂದು ಹಲ್ಲು ಕಿರಿದು, ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದ.

ಒಂದು ವರ್ಷ ಹೇಗೋ ನಡೆಯಿತು. ಆಮೇಲೆ ಅಲ್ಲಿಯವರೆಗೆ ಮಾರುತ್ತಿದ್ದ ಹಸಿರು ಕಾರ್ಡು ಹೋಗಿ ಕೆಂಪು ಕಾರ್ಡು ಬಂತು. ಅಲ್ಲಿಂದ ಎರಡು ತಿಂಗಳು ಇಸ್ತ್ರಿಯವನ ಕಿವಿಗೆ ಬಿದ್ದದ್ದು ಒಂದೇ ಸದ್ದು: ಕುಂಯ್, ಕುಂಯ್, ಕುಂಯ್. ಎಂಗೇಜ್.

ಮೊದಲ ದಿನ ಯಾರೋ ನೆಂಟರು ಮಾಡಿರಬೇಕು ಎಂದುಕೊಂಡ. ಎರಡನೆಯ ದಿನವೂ ಹಾಗೇ ಅಂದುಕೊಂಡ. ಐದನೆಯ ದಿನ ಅವಳು ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು ಲೆಕ್ಕ ಹಾಕತೊಡಗಿದ.

ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಬಟ್ಟೆ ಅಂಗಡಿಯವನೊಬ್ಬ ಕತ್ತರಿಸಿದ ಬಟ್ಟೆ ತಂದುಕೊಟ್ಟು ಹೊಲಿದದ್ದನ್ನು ಒಯ್ಯುತ್ತಿದ್ದ. ಇಸ್ತ್ರಿಯವನು ಅವನ ಮುಖವನ್ನೇ ನೋಡಿರಲಿಲ್ಲ. "ಅಪ್ಪಾ, ಅಂಗಡಿ ಮಾಮ ನನ್ನ ಸ್ಕೂಟರ್ ಮೇಲೆ ಕೂರಿಸಿದ್ರು" ಎಂದು ಮಗಳು ಯಾವಾಗಲೋ ಹೇಳಿದ್ದಳು. ಅಷ್ಟು ಸಾಕಾಯಿತು. ರೋಲರಿನಿಂದ ಬರುವ ಒಂದೊಂದು ಬೆಡ್‌ಶೀಟಿನ ಮೇಲೂ ಆ ಸ್ಕೂಟರು ಓಡತೊಡಗಿತು. ನೋಡದ ಮುಖಕ್ಕೆ ತಾನೇ ಕಣ್ಣು ಮೂಗು ಬರೆದ, ತಲೆ ತುಂಬ ಕೂದಲು ಕೊಟ್ಟ, ಗರಿಗರಿ ಶರ್ಟು ತೊಡಿಸಿದ. ದಿನವಿಡೀ ಕಂಡವರ ಬೆಡ್‌ಶೀಟಿಗೆ ಇಸ್ತ್ರಿ ಹಾಕುವವನ ಸ್ವಂತ ಶರ್ಟು ಇಸ್ತ್ರಿ ಕಂಡು ವರ್ಷವಾಗಿತ್ತು.

ಸರದಿಯ ಮೇಲೆ ಸಿಗುವ ವಾರದ ರಜೆಯ ದಿನ ಬೆಳಿಗ್ಗೆ ಮಾಡಿದರೆ ಮಾತ್ರ ಲೈನು ಥಟ್ಟನೆ ಸಿಗುತ್ತಿತ್ತು.

"ಯಾಕ್ರೀ, ಸಾಯಂಕಾಲ ಮಾಡೋದೇ ಬಿಟ್ಬಿಟ್ರಿ?" ಎಂದಳು.

"ಯಾಕೆ ಅಂತ ನಿನಗೇ ಗೊತ್ತಿರಬೇಕು."

"ನನಗೇನು ಗೊತ್ತು?"

"ಏನಿಲ್ಲ ಬಿಡು."

ನೋಡಿ, ಅಲ್ಲೇ ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ ಈ ಮಹಾನುಭಾವ. ಕೇಳಿದರೆ ತಾನು ಸಣ್ಣವನಾಗುತ್ತೇನೆಂಬ ಭಯ. ಬೆಳಿಗ್ಗೆ ಸಿಗುತ್ತಾಳೆ, ಸಾಯಂಕಾಲ ಸಿಗುವುದಿಲ್ಲ, ಮೇಲೆ ನನ್ನನ್ನೇ ಯಾಕೆ ಮಾಡಲಿಲ್ಲ ಅಂತ ಕೇಳ್ತಾಳೆ, ಎಂಥಾ ನಾಟಕ ಎಂದು ಹಲ್ಲು ಕಡಿದ.

ಒಂದು ಸಲ ಧೈರ್ಯ ಮಾಡಿ ಆಫೀಸಿಗೆ ಹೋಗಿದ್ದ. "ಸಾರ್, ಈ ಕಾರ್ಡ್ ಸರಿ ಇದೆಯಾ? ಮೂರು ಗಂಟೆಗೆ ಯಾವಾಗ ನೋಡಿದ್ರೂ ಎಂಗೇಜ್. ನಿಮಿಷ ಬೇರೆ ಕಟ್ ಆಗ್ತಿದೆ."

ಸೂಪರ್‌ವೈಸರ್ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. "ಕಾರ್ಡ್ ಚಿನ್ನದಂಗಿದೆ. ಎಂಗೇಜ್ ಅಂದ್ರೆ ಆ ಕಡೆಯವರು ಯಾರ ಜೊತೇನೋ ಮಾತಾಡ್ತಿದ್ದಾರೆ ಅಂತ. ಯಾರ ಜೊತೆ ಅಂತ ನನ್ನ ಕೇಳಿದ್ರೆ? ಮನೇಲಿ ಕೇಳಪ್ಪ!"

ಆಫೀಸಿನಲ್ಲಿದ್ದ ಮೂವರೂ ಕಿಸಕ್ಕೆಂದರು. ಇಸ್ತ್ರಿಯವನ ಕಿವಿ ಬಿಸಿಯಾಯಿತು. ಇನ್ನೊಂದು ಕಾರ್ಡು ಕೊಂಡು ಹೊರಬಂದ. ಮತ್ತೆ ಆ ವಿಷಯ ಎತ್ತಲಿಲ್ಲ.

ಆಮೇಲೆ ಮೆಟ್ಟಿಲೇ ನರಕವಾಯಿತು. ಮೇಲಿನ ಮೆಟ್ಟಿಲಲ್ಲಿ ಇವನದೇ ರೂಮಿನ ಮಡಿಸುವವನು, ರೋಲರಿನಿಂದ ಬಂದ ಬೆಡ್‌ಶೀಟು ಮಡಿಸುವುದು ಅವನ ಕೆಲಸ, "ಹೂಂ, ಹೌದಾ, ಆಮೇಲೆ?" ಎಂದು ಗೋಡೆಗೆ ಮುಖ ಕೊಟ್ಟು ಮಾತಾಡುತ್ತಿರುತ್ತಿದ್ದ. ಅವನನ್ನು ಕಂಡರೆ ಇಸ್ತ್ರಿಯವನಿಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲರ ಹೆಂಡಿರೂ ಸಿಗುತ್ತಾರೆ, ನನ್ನವಳೊಬ್ಬಳೇ ಸಿಗುವುದಿಲ್ಲ. ಯಾರಿಗೂ ತಿಳಿಯಬಾರದೆಂದು ತಾನೂ ಆ ಕುಂಯ್ ಕುಂಯ್ ಸದ್ದಿಗೇ "ಊಟ ಆಯ್ತಾ? ನಂದಾಯ್ತು" ಎಂದು ಮಾತಾಡತೊಡಗಿದ.

ಕೊನೆಗೊಂದು ರಜೆಯ ಬೆಳಿಗ್ಗೆ, ಹೆಂಡತಿಗಲ್ಲ, ಅಣ್ಣನಿಗೆ ಫೋನು ಮಾಡಿದ. ಊರಲ್ಲಿ ಅಣ್ಣನದು ಪಕ್ಕದ ಮನೆಯೇ.

"ಅಣ್ಣಾ, ಅವಳ ಫೋನ್ ಇಸ್ಕೊಂಡು ನಿನ್ನ ಬೀರುವಲ್ಲಿಟ್ಟು ಬೀಗ ಹಾಕು."

"ಯಾಕೋ?"

"ಯಾಕೆ ಅಂತ ಕೇಳಬೇಡ."

ಅಣ್ಣ ಮತ್ತೆ ಕೇಳಲೂ ಇಲ್ಲ. ಹೆಂಗಸಿನ ಮೇಲಿನ ದೂರಿಗೆ ಯಾರು ವಿವರ ಕೇಳುತ್ತಾರೆ ಹೇಳಿ! ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದಾಗ ಅಣ್ಣನ ದನಿಯಲ್ಲಿ ದೊಡ್ಡ ಕೆಲಸ ಮಾಡಿದ ಹಮ್ಮು. "ಇಟ್ಟಾಯ್ತು. ಆನ್ ಮಾಡೇ ಇಟ್ಟಿದ್ದೀನಿ, ದಿನಾ ಚಾರ್ಜ್ ಹಾಕ್ತೀನಿ. ಯಾರ್ಯಾರು ಮಾಡ್ತಾರೋ ನೋಡೇಬಿಡೋಣ."

"ಅವಳೇನಂದ್ಲು?"

"ಏನೂ ಅನ್ಲಿಲ್ಲ. ಹೊಲೀತಾ ಕೂತಿದ್ಲು. ಕೊಟ್ಲು."

ಹೊಲಿಗೆಯ ಗಿರಾಕಿಗಳೆಲ್ಲ ಆ ಫೋನಿಗೇ ಮಾಡುತ್ತಿದ್ದರು ಎಂಬುದು ಇವನಿಗೆ ಗೊತ್ತಿತ್ತು. ಫೋನು ಹೋದರೆ ಅವಳ ಕೆಲಸವೂ ಹೋಗುತ್ತದೆಂಬುದೂ ಗೊತ್ತಿತ್ತು. ಹೋಗಲಿ ಎಂದೇ ಅಂದುಕೊಂಡ.

ಮೂರು ದಿನ ಕಳೆದವು. ನಾಲ್ಕನೆಯ ದಿನ ಮೂರು ಗಂಟೆಗೆ ಮೆಟ್ಟಿಲ ಮೇಲೆ ಕೂತು ಅದೇ ನಂಬರು ಒತ್ತಿದ. ಯಾಕೆ ಎಂದರೆ, ಬೀರುವಿನೊಳಗೆ ಫೋನು ಸುಮ್ಮನೆ ಹೊಡೆದುಕೊಳ್ಳುವುದನ್ನು ಕೇಳಿ ಮನಸ್ಸು ತಣ್ಣಗೆ ಮಾಡಿಕೊಳ್ಳೋಣ ಎಂದು.

ಕುಂಯ್, ಕುಂಯ್, ಕುಂಯ್.

ಅಣ್ಣ ಫೋನು ವಾಪಸ್ಸು ಕೊಟ್ಟುಬಿಟ್ಟನೇ? ಅಣ್ಣನನ್ನೂ ಬುಟ್ಟಿಗೆ ಹಾಕಿಕೊಂಡಳೇ? ಕಾರ್ಡು ಬಿಟ್ಟು, ಇದ್ದಬದ್ದ ಬ್ಯಾಲೆನ್ಸಿನಲ್ಲಿ ನೇರವಾಗಿ ಅಣ್ಣನ ನಂಬರಿಗೇ ಮಾಡಿದ.

"ಬೀಗದ ಕೈ ನನ್ನ ಜೇಬಲ್ಲೇ ಇದೆ ಕಣೋ. ಮುಟ್ಟಿದವರು ಯಾರೂ ಇಲ್ಲ" ಎಂದ ಅಣ್ಣ. ಅಷ್ಟಕ್ಕೆ ದುಡ್ಡು ಮುಗಿದು ಕಟ್ಟಾಯಿತು.

ಇಸ್ತ್ರಿಯವನು ರೂಮಿಗೆ ಬಂದು ಮಂಚದ ಅಂಚಿಗೆ ಕೂತ. ಆರು ಮಂಚ, ಆರು ಜನ. ಮೂರು ಗಂಟೆಯ ಮೆಟ್ಟಿಲಿಗೆ ಹೊಸಬನೆಂದರೆ ಬಾಯ್ಲರಣ್ಣ ಒಬ್ಬನೇ. ಬಾಯ್ಲರ್ ನೋಡಿಕೊಳ್ಳುವ, ಐವತ್ತು ದಾಟಿದ ಒಂಟಿ ಮನುಷ್ಯ. ಇಷ್ಟು ದಿನ ಎರಡನೇ ಪಾಳಿಯಲ್ಲಿದ್ದು ಬೆಳಿಗ್ಗೆ ಹೊತ್ತು ಮನೆಗೆ ಮಾತಾಡುತ್ತಿದ್ದವನನ್ನು ಆ ವಾರವಷ್ಟೇ ಮೊದಲ ಪಾಳಿಗೆ ಹಾಕಿದ್ದರು. ಅವನು ಬಾಗಿಲು ದೂಡಿಕೊಂಡು ಒಳಗೆ ಬಂದವನೇ ಫೋನನ್ನು ಹಾಸಿಗೆ ಮೇಲೆ ಎಸೆದ.

"ಥೂ ಇದರ ಮನೆ ಹಾಳಾಗ! ನಮ್ಮಮ್ಮನ ಫೋನ್ ಎಂಗೇಜಂತೆ ಕಣ್ರೋ! ಎಂಬತ್ನಾಲ್ಕು ವರ್ಷ ಅವಳಿಗೆ. ಹಾಸಿಗೆ ಬಿಟ್ಟು ಏಳಲ್ಲ. ಹಸಿರು ಗುಂಡಿ ಬಿಟ್ರೆ ಇನ್ನೊಂದು ಗುಂಡಿ ಗೊತ್ತಿಲ್ಲ. ನಾಲ್ಕು ದಿನದಿಂದ ಎಂಗೇಜು! ಯಾವನ ಜೊತೆ ಲಲ್ಲೆ ಹೊಡೀತಾಳೆ ನಮ್ಮಮ್ಮ?"

ರೂಮು ಗೊಳ್ಳೆಂದಿತು. ಆಮೇಲೆ, ಯಾರೋ ಕತ್ತು ಹಿಸುಕಿದ ಹಾಗೆ, ನಗು ನಿಂತಿತು. ಒಬ್ಬರೂ ಒಬ್ಬರ ಮುಖ ನೋಡಲಿಲ್ಲ.

"ಯಾಕ್ರೋ? ನಿಮಗೆಲ್ಲ ಸಿಗ್ತದಾ?"

"ಸಿಗ್ತದೆ" ಎಂದ ಮಡಿಸುವವನು, ಕೇಳಿ ಮುಗಿಸುವ ಮೊದಲೇ. "ಅಜ್ಜಿ ಕೈತಪ್ಪಿ ಏನೋ ಒತ್ತಿರಬೇಕು ಬಿಡಣ್ಣ."

ಇಸ್ತ್ರಿಯವನಿಗೆ ಬೀರುವಿನೊಳಗಿನ ಫೋನು ನೆನಪಾಯಿತು. ಕಾರ್ಡು ಮೋಸ ಎಂದು ತೋರಿಸುವ ಸಾಕ್ಷಿ ಇಡೀ ರೂಮಿನಲ್ಲಿ ಅವನೊಬ್ಬನ ಕೈಯಲ್ಲಿತ್ತು. ಹೇಳಿದರೆ ಮೂರು ಕಾಸಿನ ಮರ್ಯಾದೆ ಉಳಿಯುವುದಿಲ್ಲ. ಸುಮ್ಮನಿದ್ದರೆ ನಾಳೆ ಇನ್ನೊಂದು ಕಾರ್ಡು, ನಾಡಿದ್ದು ಇನ್ನೊಂದು. ಅಲ್ಲಿ ಅವಳು ತಪ್ಪೇನೆಂದು ತಿಳಿಯದೆಯೇ ಕೂತಿರುತ್ತಾಳೆ. ಅವಳು ಒಂದೂ ಮಾತಾಡದೆ ಫೋನು ಕೊಟ್ಟಳೆಂಬುದು ಈಗ ಚುಚ್ಚಿತು. ನಾಚಿಕೆಯಿಂದ ಅವನ ತಲೆ ಎದೆಗೆ ಬಿತ್ತು.

"ನನ್ನ ಹೆಂಡ್ತಿ ಫೋನ್ ಬೀರುವಲ್ಲಿದೆ" ಎಂದ. "ಬೀಗ ಹಾಕಿದೆ. ನಾನೇ ಹಾಕ್ಸಿದ್ದು. ಈಗ ಮಾಡಿದ್ರೆ ಅದೂ ಎಂಗೇಜು."

"ಬೀಗ ಯಾಕೋ ಹಾಕ್ಸಿದೆ?" ಎಂದ ಬಾಯ್ಲರಣ್ಣ.

"ಯಾಕೆ ಅಂತ ಇವರಿಗೆಲ್ಲ ಗೊತ್ತು. ಕೇಳು."

ಮಡಿಸುವವನು ದಿಂಬಿನ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನಾನು ಎರಡು ತಿಂಗಳಿಂದ ದುಡ್ಡು ಕಳಿಸಿಲ್ಲ" ಎಂದ. "ಯಾರ ಜೊತೆ ಮಾತಾಡ್ತೀಯೋ ಅವನ ಹತ್ರಾನೇ ಇಸ್ಕೋ ಅಂದೆ."

ಇಸ್ತ್ರಿಯವನು ಕತ್ತೆತ್ತಿದ. "ಮತ್ತೆ ದಿನಾ ಮೆಟ್ಟಿಲ ಮೇಲೆ ಮಾತಾಡ್ತಿದ್ದೆಯಲ್ಲೋ?"

"ಬಾಯಿ ಅಲ್ಲಾಡಿಸ್ತಿದ್ದೆ."

"ನಾನೂ" ಎಂದ ಇಸ್ತ್ರಿಯವನು.

ಕಿಟಕಿ ಪಕ್ಕದ ಮಂಚದವನು ಗೋಡೆಗೆ ತಿರುಗಿ ಮಲಗಿದ್ದ. ತಿರುಗದೆಯೇ ಹೇಳಿದ: "ಮಗೂದು ಫೋಟೋ ತರಿಸ್ಕೊಂಡೆ. ಮುಖ ನನ್ನ ಹಾಗಿದೆಯಾ ಅಂತ ದಿನಾ ನೋಡ್ತೀನಿ."

ಬಾಯ್ಲರಣ್ಣ ಬೈಯಲಿಲ್ಲ. "ಅಯ್ಯೋ ನನ್ನ ಮಕ್ಕಳಾ" ಎಂದು ತಲೆ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಎದ್ದ. "ನೂರಾರು ಜನ ಒಂದೇ ಹೊತ್ತಿಗೆ ಮಾಡ್ತೀರಿ. ಈ ಕೆಂಪು ಕಾರ್ಡಿನವನು ಇಟ್ಟಿರೋದು ನಾಲ್ಕೇ ಲೈನಿರಬೇಕು. ಜಾಗ ಇಲ್ಲ ಅನ್ನೋ ಬದಲು ಎಂಗೇಜ್ ಅಂತಾನೆ. ಅಂದಾಗೆಲ್ಲ ಎರಡೆರಡು ನಿಮಿಷ ನುಂಗ್ತಾನೆ. ಬನ್ನಿ, ನೋಡೇಬಿಡೋಣ."

ಆರೂ ಜನ ಮೆಟ್ಟಿಲಿಗೆ ಬಂದರು. ಮೊದಲು ಇಸ್ತ್ರಿಯವನ ಹೆಂಡತಿಯ ನಂಬರಿಗೆ ಕಾರ್ಡಿನಲ್ಲಿ ಮಾಡಿದರು: ಕುಂಯ್, ಕುಂಯ್. ಅದರ ಹಿಂದೆಯೇ ಬಾಯ್ಲರಣ್ಣ ತನ್ನ ಫೋನಿನಿಂದ, ಕೂಲಿ ಕರಗಿದರೆ ಕರಗಲಿ ಎಂದು, ಅದೇ ನಂಬರಿಗೆ ನೇರವಾಗಿ ಮಾಡಿ ಲೌಡ್‌ಸ್ಪೀಕರ್ ಹಾಕಿದ. ಫೋನು ರಿಂಗಾಯಿತು. ಬೀರುವಿನೊಳಗಿಂದ ಅದು ಹೊಡೆದುಕೊಳ್ಳುವುದನ್ನು ಆರೂ ಜನ ಉಸಿರು ಹಿಡಿದು ಕೇಳಿದರು. ಎರಡನೆಯ ಸಲಕ್ಕೆ ಅಣ್ಣ ಎತ್ತಿದ.

"ಅಣ್ಣಾ, ಅವಳ ಕೈಗೆ ಕೊಡು."

ಹೆಜ್ಜೆ ಸದ್ದು. ಬಾಗಿಲ ಸದ್ದು. ಆಮೇಲೆ ಅವಳ ದನಿ. "ಹೇಳಿ."

"ಕಾರ್ಡ್ ಮೋಸ ಕಣೇ. ನೀನು ಯಾರ ಜೊತೆಗೂ ಮಾತಾಡ್ತಿರಲಿಲ್ಲ. ಸೂಪರ್‌ವೈಸರ್ ಕೊಟ್ಟ ಕಾರ್ಡೇ…"

"ನಾನು ಯಾರ ಜೊತೆಗೂ ಮಾತಾಡ್ತಿರಲಿಲ್ಲ ಅಂತ ನನಗೇ ಹೇಳ್ತೀರಾ?"

"ಹಾಗಲ್ಲ ಕಣೇ…"

"ಎರಡು ತಿಂಗಳು ಸಾಯಂಕಾಲ ಆದ್ರೆ ಫೋನ್ ತೊಡೆ ಮೇಲಿಟ್ಕೊಂಡು ಕೂತೆ. ಅಲ್ಲಿ ಇನ್ನೊಬ್ಬಳನ್ನ ಇಟ್ಕೊಂಡಿದ್ದಾರೆ, ಅದಕ್ಕೇ ಮಾಡಲ್ಲ ಅಂದ್ಕೊಂಡೆ. ನನಗೂ ಹೊಟ್ಟೆ ಉರೀತು ರೀ. ಆದ್ರೆ ನಿಮ್ಮ ಕೈಯಿಂದ ಏನನ್ನೂ ಕಿತ್ಕೊಳ್ಳಿ ಅಂತ ನಾನು ಯಾರಿಗೂ ಹೇಳ್ಲಿಲ್ಲ. ನನ್ನನ್ನೇ ಒಂದು ಮಾತು ಕೇಳಬಹುದಿತ್ತು."

"ತಪ್ಪಾಯ್ತು."

"ನಿನ್ನೆವರೆಗೂ ನಾನು ಮೋಸ. ಇವತ್ತು ಕಾರ್ಡ್ ಮೋಸ. ನಾಳೆ ಏನಂತೀರೋ! ನಿಮ್ಮ ಮಾತು ನಾನು ಹೇಗೆ ನಂಬಲಿ? ಫೋನ್ ಇನ್ಮೇಲೆ ನನ್ನ ಹತ್ರಾನೇ ಇರುತ್ತೆ. ನಿಮ್ಮ ಕರೆ ಎತ್ತಬೇಕೋ ಬೇಡವೋ, ಅದನ್ನೂ ನಾನೇ ನೋಡ್ಕೊಳ್ತೀನಿ."

ಕಟ್ಟಾಯಿತು. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರಾಗಿ ಕಿವಿಯಿಂದ ಫೋನು ಇಳಿಸಿದ್ದರು. ಎರಡನೇ ಅಂತಸ್ತಿನವನೊಬ್ಬ "ನಿಮಗೂ ಎಂಗೇಜಾ?" ಎಂದ. ಆ ಒಂದು ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತಿತು. ಹತ್ತು ನಿಮಿಷದಲ್ಲಿ ಎಪ್ಪತ್ತು ಎಂಬತ್ತು ಜನ ಆಫೀಸಿನ ಮುಂದಿದ್ದರು.

ಸೂಪರ್‌ವೈಸರ್ ಕುರ್ಚಿ ಬಿಟ್ಟು ಏಳಲಿಲ್ಲ. "ಲೈನ್ ಸ್ವಲ್ಪ ರಷ್ ಇರಬಹುದಪ್ಪ. ಅಷ್ಟಕ್ಕೆ ಮೆರವಣಿಗೆ ಬರ್ತೀರಾ?"

"ಗೊತ್ತಿತ್ತಾ ನಿಮಗೆ?" ಎಂದ ಇಸ್ತ್ರಿಯವನು.

"ಗೊತ್ತಿದ್ರೆ ಏನೀಗ? ನಾನು ಮಾರಿದ್ದು ಕಾರ್ಡ್. ಹೆಂಡ್ತೀರ ಮೇಲೆ ಅನುಮಾನ ಪಡಿ ಅಂತ ನಾನು ಹೇಳಿದ್ನಾ? ನಿಮ್ಮ ಹೊಟ್ಟೆಕಿಚ್ಚಿಗೂ ನಾನೇ ಹೊಣೆನಾ?"

ಮಾತು ನಾಟಿತು. ಮುಂದಿದ್ದವರ ತಲೆ ತಗ್ಗಿತು, ಹಿಂದಿದ್ದವರು ಒಂದು ಹೆಜ್ಜೆ ಸರಿದರು. ಅದನ್ನು ನೋಡಿ ಸೂಪರ್‌ವೈಸರ್ ನಕ್ಕ. ಡ್ರಾಯರು ಎಳೆದು ಕೆಂಪು ಕಾರ್ಡಿನ ಕಟ್ಟು ಮೇಜಿನ ಮೇಲೆ ಹಾಕಿದ. "ಒಂದೊಂದು ಫ್ರೀ ತಗೊಳ್ಳಿ. ಬಾಯಿ ಮುಚ್ಕೊಂಡು ಹೋಗಿ."

ಯಾರೋ ಕೈ ಚಾಚುವುದರಲ್ಲಿದ್ದರು. ಇಸ್ತ್ರಿಯವನು ತನ್ನ ಸುಟ್ಟ ಬೆರಳುಗಳ ಕೈಯನ್ನು ಕಟ್ಟಿನ ಮೇಲಿಟ್ಟ.

"ಅನುಮಾನ ನನ್ನದೇ ಸಾರ್. ಅದಕ್ಕೆ ನನ್ನ ಹೆಂಡ್ತಿ ಏನು ಶಿಕ್ಷೆ ಕೊಟ್ರೂ ತಗೊಳ್ತೀನಿ. ಅದು ನನ್ನ ಪಾಲು. ನಿಮ್ಮ ಪಾಲು ನಿಮ್ಮ ಕೈಯಲ್ಲೇ ತೀರಬೇಕು. ನಿಮ್ಮ ಫೋನಿಂದ, ನಿಮ್ಮ ಖರ್ಚಲ್ಲಿ, ಇಲ್ಲಿರೋ ಒಬ್ಬೊಬ್ಬನ ಮನೆಗೂ ಮಾಡಿ. ಕಾರ್ಡ್ ಮೋಸದ್ದು, ನನಗೆ ಗೊತ್ತಿತ್ತು ಅಂತ ನಿಮ್ಮ ಬಾಯಲ್ಲೇ ಹೇಳಿ. ನಾವು ಹೇಳಿದ್ರೆ ಅವರು ನಂಬೋ ಕಾಲ ಹೋಯ್ತು."

"ತಲೆ ಕೆಟ್ಟಿದೆಯೇನೋ? ಮಾಡಲ್ಲ ಅಂದ್ರೆ?"

"ನಾಳೆ ಬಾಯ್ಲರ್ ಹಚ್ಚಲ್ಲ" ಎಂದ ಬಾಯ್ಲರಣ್ಣ.

"ನಾನು ಮಡಿಸಲ್ಲ" ಎಂದ ಮಡಿಸುವವನು. ಹಿಂದೆ ಸರಿದವರು ಮತ್ತೆ ಮುಂದೆ ಬಂದರು. ಬಾಗಿಲಲ್ಲಿ ಗಾಳಿಯೂ ಆಡದಷ್ಟು ಜನ.

ಸೂಪರ್‌ವೈಸರ್ ಒಂದೊಂದೇ ಮುಖ ನೋಡಿದ. ಕಣ್ಣು ತಪ್ಪಿಸುವವನೊಬ್ಬನನ್ನು ಹುಡುಕುತ್ತಿದ್ದ, ಸಿಗಲಿಲ್ಲ. ಮೇಜಿನ ಮೇಲಿನ ಫೋನು ಎಳೆದುಕೊಂಡ. ಇಸ್ತ್ರಿಯವನು ನಂಬರು ಹೇಳಿದ, ಅವನು ಒತ್ತಿದ. ಲೌಡ್‌ಸ್ಪೀಕರಿನ ಗುಂಡಿಯನ್ನು ಬಾಯ್ಲರಣ್ಣ ಒತ್ತಿದ. ರಿಂಗು ಹೋಗುತ್ತಲೇ ಇತ್ತು. ಎತ್ತುತ್ತಾಳೋ ಇಲ್ಲವೋ ಎಂದು ಇಸ್ತ್ರಿಯವನು ರಿಂಗು ಎಣಿಸತೊಡಗಿದ.

"ಯಾರು?" ಎಂದಳು ಅವಳು.

ಸೂಪರ್‌ವೈಸರ್ ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಹೇಳಿ ಸಾರ್" ಎಂದ ಇಸ್ತ್ರಿಯವನು. "ಅವಳು ಕೇಳ್ತಿದ್ದಾಳೆ."